ಲಕ್ಷಕ್ಕೆ ಇಷ್ಟು

ಗೋಡೆಯ ನಕ್ಷೆಯಲ್ಲಿ ದಾವಣಗೆರೆ ಕೆಂಪಗೆ,
ಇನ್ನೊಂದು ಗುಂಡುಸೂಜಿಗೆ ಜಾಗವಿಲ್ಲ.
ಹರಿಹರ, ಚಿತ್ರದುರ್ಗ ಅಷ್ಟಿಷ್ಟು.
ಮೊಳಕಾಲ್ಮುರು ಮಾತ್ರ
ಒಗೆದು ಹರವಿದ ಬಿಳಿ ಪಂಚೆ.

"ರಕ್ತದ ಕ್ಯಾನ್ಸರು ಆ ಕಡೆ ಕಮ್ಮಿ,
ಹವೆ ಇರಬೇಕು, ಸಜ್ಜೆರೊಟ್ಟಿ ಇರಬೇಕು," ಅಂದರು ಸಾಹೇಬರು.
ಹನ್ನೊಂದು ವರ್ಷದಿಂದ ಸೂಜಿ ಚುಚ್ಚುವವಳು ನಾನು.
ಕಮ್ಮಿ ಎಂದು ನಾನೂ ಬರೆದಿದ್ದೆ,
ದಶಾಂಶದ ಚುಕ್ಕೆ ಇಟ್ಟು.

ರಾಂಪುರದ ಆಚೆ, ಕಂಡಕ್ಟರನಿಗೂ ಹೆಸರು ಗೊತ್ತಿರದ ಹಟ್ಟಿ.
ಓಬಕ್ಕ ಕಂಬಳಿ ಹಾಸಿದಳು.
"ನಮ್ ಬೋಸಯ್ಯಗೆ ವಸಡಿನಾಗೆ ರಕ್ತ,
ಕಾಲ ತುಂಬ ನೇರಳೆಹಣ್ಣು ಜಜ್ಜಿದಂಗೆ ಕಲೆ.
ಬಳ್ಳಾರಿಗೆ ಒಯ್ಯಾಕೆ ಗಾಡಿ ಗೊತ್ತು ಮಾಡಿದ್ವಿ.
ಗಾಡಿ ಬಂತು."

ಪಂಚಾಯ್ತಿ ಪುಸ್ತಕದಲ್ಲಿ: ವಯಸ್ಸು ಆರು. ಜ್ವರ.
ಅದರ ಮೇಲಿನ ಸಾಲೂ ಜ್ವರ.

ಒಂದು ಹನಿ ಗಾಜಿನ ಮೇಲೆ ಬೀಳದೆ
ನನ್ನ ರಿಜಿಸ್ಟರಿನಲ್ಲಿ ಕಾಯಿಲೆಯೇ ಇಲ್ಲ.

"ಎಣಿಸಿದ್ರೆ ಏನಾಗ್ತೈತೆ ತಾಯಿ?"
ಲಕ್ಷ ಜನಕ್ಕೆ ಇಷ್ಟು ಅಂತ ಗೊತ್ತಾಗುತ್ತೆ, ಅಂದೆ.
"ಲಕ್ಷ ಎಲ್ಲೈತೆ? ಈ ಹಟ್ಟಿಗೆ ಮೂವತ್ತು ಮನೆ.
ನಂಗಿದ್ದೋನು ಒಬ್ನೆ."
ಹೊರಡುವಾಗ ಹೆಗಲ ಚೀಲಕ್ಕೆ ಶೇಂಗಾ ಸುರಿದಳು,
ಬೊಗಸೆ, ಇನ್ನೊಂದು ಬೊಗಸೆ,
ಸಾಕು ಅಂದರೂ.

ಮರುದಿನ ಸೂಜಿ ಹಿಡಿದು ನಕ್ಷೆಯ ಮುಂದೆ ನಿಂತೆ.
ಚುಚ್ಚುವಂತಿಲ್ಲ. ಡಬ್ಬಿಗೆ ಹಾಕಿದೆ.
ಆ ಬಿಳಿಯ ಮೇಲೆ ಪೆನ್ಸಿಲಿನಲ್ಲಿ,
ಸಣ್ಣಗೆ, ಅಡ್ಡಡ್ಡ ಬರೆದೆ:
ಇಲ್ಲಿ ಯಾರೂ ನೋಡಿಲ್ಲ.

ಸಾಹೇಬರು ಕನ್ನಡಕ ಹುಡುಕುತ್ತಿದ್ದಾರೆ.
ಮೇಜಿನ ಮೇಲೆ ಶೇಂಗಾಸಿಪ್ಪೆ, ಮಣ್ಣು.