ಸುಂಕು

ಪೀಚ್ ಹಣ್ಣಿನ ಮೈಗೆ ಸುಂಕಿದೆ, ನೋಡಿದ್ದೀರಾ?
ಕೊಂಡು ತಿನ್ನುವವರು ಅದನ್ನು ಮಖಮಲ್ಲು ಅನ್ನುತ್ತಾರೆ.
ಹದಿನಾಲ್ಕು ಬೇಸಿಗೆ ಬೆಲ್ಟಿನ ಪಕ್ಕ ನಿಂತವಳಿಗೆ
ಅದು ಮೊಣಕೈ ಮಡಿಕೆಯಲ್ಲಿ, ಕತ್ತಿನ ಹಿಂದೆ,
ವಾಚಿನ ಪಟ್ಟಿಯ ಅಡಿಯಲ್ಲಿ,
ನಾನು ಮಲಗಿದ ಮೇಲೂ ಎದ್ದೇ ಇರುವ ತುರಿಕೆ.
ರೂಫಸ್ ಇದ್ದಾಗ, ಜುಲೈ ಪೂರ್ತಿ,
ಮಂಚದ ಆ ತುದಿಗೆ ಸರಿದು ಮಲಗುತ್ತಿದ್ದ;
ಕೋಪಕ್ಕಲ್ಲ, ಸುಂಕಿಗೆ.

ದಕ್ಷಿಣ ಕ್ಯಾರೊಲೈನಾದ ಕೆಂಪು ಮಣ್ಣಿನ ದಿಣ್ಣೆ,
ತಗಡಿನ ಶೆಡ್ಡು, ಮೂವತ್ತು ಜನ ಹೆಂಗಸರು.
ಹಣ್ಣು ಉರುಳಿ ಬರುತ್ತದೆ, ಕಣ್ಣಲ್ಲೇ ಕೇರುತ್ತೇವೆ:
ಕೆನ್ನೆ ಕೆಂಪಾದದ್ದು ಪೆಟ್ಟಿಗೆಗೆ, ಪೆಟ್ಟಿಗೆ ಉತ್ತರದ ಊರುಗಳಿಗೆ;
ಹಕ್ಕಿ ಕುಕ್ಕಿದ್ದು, ಬೀಜ ಬಿರಿದದ್ದು,
ಒಂದು ದಿನ ಮೊದಲೇ ಹಣ್ಣಾಗಿಬಿಟ್ಟದ್ದು
ಎಡಗಡೆಯ ತೊಟ್ಟಿಗೆ.
ಮಗಳು ಡೆನೀಶಾ ಹೇಳುತ್ತಾಳೆ: ಅಮ್ಮ,
ಚರ್ಚಿನಲ್ಲೂ ನೀನು ಜನರನ್ನು ಹಾಗೇ ನೋಡುತ್ತೀ.

ಮೊನ್ನೆ ನಾಲ್ಕು ಗಂಟೆಗೆ ಗುಡುಗು. ಕರೆಂಟು ಹೋಯಿತು.
ಬೆಲ್ಟು ನಿಂತಿತು.
ಹಣ್ಣುಗಳು ಒಂದಕ್ಕೊಂದು ಒರಗಿ
ಸಣ್ಣಗೆ ಹೊರಳಿ ಸುಮ್ಮನಾದವು.
ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು.
ಮೇಸ್ತ್ರಿ ಟಾರ್ಚು ಹಿಡಿದು ಬಂದ: ಕೋಲ್ಡ್ ರೂಮ್ ಸತ್ತಿದೆ,
ಮೆತ್ತಗಿನವು ಬೆಳಗಿನತನಕ ಬಾಳುವುದಿಲ್ಲ, ಒಯ್ಯಿರಿ.
ಯಾರೂ ಅಲ್ಲಾಡಲಿಲ್ಲ. ಮನೆಗೂ ಇದೇ ತುರಿಕೆಯೇ?
ಆಗ ಓತೀಲಿಯಾ, ಮಿಚೊವಕಾನಿನವಳು, ನನ್ನೆದುರು ನಿಲ್ಲುವವಳು,
ಒಂದನ್ನು ಏಪ್ರನ್ನಿಗೆ ಒರೆಸಿ
ಕಚ್ಚಿದಳು. ಸಿಪ್ಪೆ ಸಮೇತ.
ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು,
ಅವಳು ಒರೆಸಿಕೊಳ್ಳಲಿಲ್ಲ.
ನನ್ನ ಬಾಯಲ್ಲಿ ನೀರು. ಹದಿನಾಲ್ಕು ವರ್ಷದ ನೀರು.

ಮನೆಯಲ್ಲಿ ಕತ್ತಲು. ಪುಣ್ಯಕ್ಕೆ ಹಳೆಯ ಗ್ಯಾಸ್ ಒವನ್,
ಕಡ್ಡಿ ಗೀರಿದರೆ ಹತ್ತಿಕೊಳ್ಳುವಂಥದು.
ಅಮ್ಮ ಕ್ರಿಸ್ಪ್ ಮಾಡುತ್ತಿದ್ದಳು,
ಪೈ ಲಟ್ಟಿಸಲು ತಾಳ್ಮೆಯಿಲ್ಲದವರ ಪೈ ಅದು.
ಕುದಿನೀರಿಗೆ ಹಣ್ಣು ಬಿಟ್ಟು ಮೂವತ್ತು ಎಣಿಸಿ
ತಣ್ಣೀರಿಗೆ ಎತ್ತಿ ಹಾಕಿದೆ.
ಸಿಪ್ಪೆ, ನಿದ್ದೆಗಣ್ಣಿನ ಮಗುವಿನ ಅಂಗಿಯಂತೆ,
ತಾನೇ ಬಿಟ್ಟುಕೊಟ್ಟಿತು.
ಅಂಗೈ ಮೇಲೆ ಒಂದು ಬೆತ್ತಲೆ ಪೀಚು.
ಇದನ್ನು ನಾನು ಕಂಡೇ ಇರಲಿಲ್ಲ,
ಲಕ್ಷ ಲಕ್ಷ ಕಂಡವಳು.

ಹೆಚ್ಚುವಾಗ ಎಡಗೈ ತಾನಾಗಿ ಪಕ್ಕಕ್ಕೆ ಸರಿಯಿತು: ಕಲೆ ಬಿದ್ದದ್ದು.
ಎಡಗೈಯನ್ನು ಬೈದೆ. ಎಲ್ಲ ಬಿತ್ತು ಬಟ್ಟಲಿಗೆ,
ಕುಕ್ಕಿಸಿಕೊಂಡದ್ದು, ಬಿರಿದದ್ದು, ಅವಸರದ್ದು.
ನಿಂಬೆ ಅರ್ಧ ಹೋಳು, ಜಾಯಿಕಾಯಿ ನಾಲ್ಕು ಉಜ್ಜು.
ಮೇಲೆ ಹೊದಿಸಲು ಓಟ್ಸು, ಹಿಟ್ಟು, ಕಂದು ಸಕ್ಕರೆ,
ಪೆಕಾನ್ ಒಂದು ಮುಷ್ಟಿ, ತಣ್ಣನೆ ಬೆಣ್ಣೆ.
ನಾದಬಾರದು; ಬೆರಳ ತುದಿಯಲ್ಲೇ ಉಜ್ಜಿ ಉದುರಿಸಬೇಕು,
ಡೆನೀಶಾಳ ನೆತ್ತಿಗೆ, ಜಡೆ ಹೆಣೆಯುವ ಮೊದಲು,
ಎಣ್ಣೆ ಹಚ್ಚುತ್ತಿದ್ದ ಹಾಗೆ.

ಗೋಡೆ ಗಡಿಯಾರವೂ ಕರೆಂಟಿನದು; ಮೂಗನ್ನೇ ನಂಬಿದೆ.
ಮೊದಲು ಬೆಣ್ಣೆ ಬಂತು, ಆಮೇಲೆ ಸಕ್ಕರೆ,
ಆಮೇಲೆ ಎರಡೂ ಅಲ್ಲದ ಇನ್ನೊಂದು,
ಅಂಚಿನಲ್ಲಿ ಗುಳುಗುಳು ಮಾತು.
ವಾಸನೆ ಕಿಟಕಿ ದಾಟಿ ಬೀದಿಗಿಳಿದಿರಬೇಕು:
ಪಕ್ಕದ ಮನೆಯ ಮುದುಕ ಥರ್ಲೋ
"ಲುವೆಲ್ಲಾ, ನಿಮ್ಮಲ್ಲಿ ದೀಪ ಇದೆಯೇ?" ಅನ್ನುತ್ತ ಬಂದ,
ಕೈಯಲ್ಲಿ ಅವನದೇ ಚಮಚ.
ಹಿಂದೆಯೇ ಓತೀಲಿಯಾ, ಮೇಣದಬತ್ತಿ, ಇಬ್ಬರು ಗಂಡುಮಕ್ಕಳು.

ಆರಲಿ ಅಂದೆ. ಯಾರು ಕೇಳುತ್ತಾರೆ?
ಮೇಲೆ ಗರಿಗರಿ, ಒಳಗೆ ಕೆಂಡದಂಥ ಸಿಹಿ.
ನಾಲಗೆ ಸುಟ್ಟುಕೊಂಡೆವು, ಊದಿದೆವು, ಮತ್ತೆ ಸುಟ್ಟುಕೊಂಡೆವು.
ಓತೀಲಿಯಾ ತನ್ನ ಭಾಷೆಯಲ್ಲಿ ಏನೋ ಅಂದಳು,
ಮಕ್ಕಳು ನಕ್ಕರು, ಅರ್ಥ ಹೇಳಲಿಲ್ಲ.
ಹನ್ನೊಂದಕ್ಕೆ ಕರೆಂಟು ಬಂತು. ಫ್ರಿಜ್ಜು ಗುಂಯ್ ಅಂದಿತು.
ಬೆಳಕಲ್ಲಿ ನೋಡಿದರೆ ಪಾತ್ರೆಯ ಮೂಲೆಯಲ್ಲಿ
ಕರಕಲು ಅಂಚೊಂದೇ ಉಳಿದಿತ್ತು,
ಅದಕ್ಕಾಗಿ ಎರಡು ಚಮಚಗಳ ಜಗಳ.

ಬೆಳಗ್ಗೆ ಆರಕ್ಕೆ ಬೆಲ್ಟು.
ಉರುಳಿ ಬಂದವು, ಬಂದವು, ಕೆಂಪು ಕೆನ್ನೆಯವು.
ಹಕ್ಕಿ ಕುಕ್ಕಿದ ಒಂದು ಬಂತು;
ಅವಳ ಕೈ, ನನ್ನ ಕೈ ಒಟ್ಟಿಗೆ ಹೋದವು.
ನಾನು ಬಿಟ್ಟುಕೊಟ್ಟೆ.
ಕತ್ತಿನ ಹಿಂದೆ ತುರಿಸುತ್ತಿತ್ತು.