ತಕ್ಕಡಿಯ ಹಗ್ಗ

ಸೆಗೆಡ್. ಟ್ಯಾಂಕುಗಳು ಬಂದು ಹೋದ ಮೇಲಿನ ಚಳಿಗಾಲ.
ನಾಟಕ ಮಾತ್ರ ಇನ್ನೂರು ವರ್ಷ ಹಿಂದಿನದು,
ಹಾಗಂತ ಅರ್ಜಿಯಲ್ಲಿ ಬರೆದಿದ್ದೆವು.

ತಿಸಾ ನದಿಯ ದಡ. ಮಾಟಗಾತಿಯೆಂದು
ಸೂಲಗಿತ್ತಿ ಬೊರ್ಬಾಲಾಳನ್ನು ತೂಗುತ್ತಾರೆ.
ಹಗುರಾದರೆ ಬೆಂಕಿ.

ತೂಕದ ಬಟ್ಟುಗಳೆಲ್ಲ ಮರದವು, ಕಬ್ಬಿಣದ ಬಣ್ಣ ಬಳಿದದ್ದು.
ಪಾತ್ರದ ಎಟೆಲ್ಕಾ ಊಟ ಬಿಟ್ಟವಳಲ್ಲ, ಎಂಬತ್ತು ಕಿಲೊ.
ಅದಕ್ಕೇ ನಾನು: ಹಲಗೆಯಡಿ ಕುಕ್ಕರಗಾಲಲ್ಲಿ ಕೂತು
ಬಟ್ಟಿನ ತಟ್ಟೆಯ ಹಗ್ಗ ಜಗ್ಗುವವನು.
ದಿನಾ ರಾತ್ರಿ ಆಕೆ ಹೂವಿನಂತೆ ಮೇಲೇಳುತ್ತಾಳೆ.

'ಜೊತೆಗಿದ್ದವರ ಹೆಸರು ಹೇಳು.'
ಆಗ ಸಭೆಯಲ್ಲಿ ಕೆಮ್ಮು ಕೂಡ ನಿಲ್ಲುತ್ತದೆ.
ಮೂರನೆಯ ಸಾಲಿನ ಅಧಿಕಾರಿ
ಟಿಕೇಟು ಮಡಚುತ್ತಾನೆ, ಬಿಚ್ಚುತ್ತಾನೆ.

ನಾನು ಹೇಳಿದ್ದೆ. ನವೆಂಬರಿನಲ್ಲಿ. ಒಂದೇ ಒಂದು.
ನಟರಿಗೆ ಮರೆಯಿಂದ ಮಾತು ಎತ್ತಿಕೊಡುವ
ವಿಲ್ಮಾಳ ಗಂಡನದು.
ಕೇಳಿದವನು ಚಹಾ ಕೊಟ್ಟ, ಸಕ್ಕರೆ ಎಷ್ಟೆಂದೂ ವಿಚಾರಿಸಿದ.

ಅವಳು ಇಲ್ಲೇ, ನನ್ನಿಂದ ಎರಡು ಮೊಳ,
ಪುಟಕ್ಕೆ ಪುಟ್ಟ ದೀಪ ಹಿಡಿದು.
ನಿನ್ನೆ ಎಟೆಲ್ಕಾ ತಡವರಿಸಿದಳು.
ವಿಲ್ಮಾ ಮೆಲ್ಲಗೆ ಎತ್ತಿಕೊಟ್ಟಳು: 'ನನಗೆ ಯಾರೂ ಗೊತ್ತಿಲ್ಲ.'
ಎರಡು ಸಲ.
ಎರಡನೆಯದು ನನ್ನ ಕಡೆ ತಿರುಗಿ.

ಹಗ್ಗ ಜಾರಿತು.
ಮೇಲೆ ಧೊಪ್ಪೆಂದು ಸದ್ದು.
ಸೂಲಗಿತ್ತಿ ತನ್ನ ಪೂರ್ತಿ ತೂಕದಲ್ಲಿ
ನೆಲ ಮುಟ್ಟಿದ್ದಳು.