ಸುಮ್ಮನಿರುವ ಕೈ

ಒಳಗೆ ಬರುವ ಮುಂಚೆ ಮೊಣಕೈವರೆಗೂ ತೊಳೆದುಕೊಂಡೆ,
ಮೂರು ಸಲ.
ಆದರೂ ಉಗುರಿನ ಸಂದಿಯಲ್ಲಿ ಭಟ್ಟಿಯ ಮಸಿ.
ಸಿಸ್ಟರ್ ಗಂಗಾಂಬಿಕೆ ನೋಡಿ, ನಾಲ್ಕನೆಯ ಸಲ ತೊಳೆಸಿದರು.

ಅರ್ಧ ದಾವಣಗೆರೆಗೆ ಮಂಡಕ್ಕಿ ಹೊತ್ತ ಹೆಗಲಿದು.
ಆಳೆತ್ತರದ ಚೀಲ, ಎತ್ತಿದರೆ ಬರೀ ಗಾಳಿ.
ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ
ಸಾವಿರದ ನೂರ ನಲವತ್ತು ಗ್ರಾಂ;
ಮುಟ್ಟುವ ಮೊದಲೇ ಮೊಣಕಾಲು ನಡುಗುತ್ತವೆ.

ಮೊದಲ ದಿನ ಬೆನ್ನು ಸವರಿದ್ದೆ,
ಮಕ್ಕಳನ್ನು ಸವರಬೇಕು ಅಂತಲೇ ನಾನು ತಿಳಿದದ್ದು.
ಐದೂ ಬೆರಳು ಚಾಚಿ ಅಂಗೈ ತೋರಿಸಿತು,
ಗಾಂಧಿ ಸರ್ಕಲ್ಲಿನ ಪೊಲೀಸಿನವನ ಹಾಗೆ.
ಆಕಳಿಸಿತು. ಮುಖ ಆಚೆ ತಿರುಗಿಸಿತು.
ನಿದ್ದೆ ಬಂತೇನೋ ಅಂದೆ, ನಗುತ್ತ.
ಪರದೆಯ ಮೇಲೆ ನೂರ ಐವತ್ತೆಂಟು ಇದ್ದದ್ದು
ನೂರ ಹತ್ತು, ತೊಂಬತ್ತು,
ಎಪ್ಪತ್ತೊಂದು.
ಕೂಗಿಕೊಂಡಿತು ಯಂತ್ರ.
ಸಿಸ್ಟರ್ ಬಂದು ಪಾದವನ್ನು ಒಂದೇ ಬೆರಳಲ್ಲಿ ಕೆಣಕಿದರು.
ಎಪ್ಪತ್ತೊಂದು, ಯೋಚಿಸುತ್ತಿರುವಂತೆ ಒಂಚೂರು ನಿಂತು,
ಮತ್ತೆ ಏರತೊಡಗಿತು.

"ನಿದ್ದಿ ಅಲ್ರೀ ಅದು, ದಾದಾಪೀರಣ್ಣ.
ಸಾಕು ಅಂತ ಹೇಳಾಕತ್ತೈತಿ.
ಅಳಾಕ ಇನ್ನೂ ಶಕ್ತಿ ಇಲ್ಲ ಅದಕ್ಕ,
ಆಕಳಿಕಿ, ಬಿಕ್ಕಳಿಕಿ, ಸೀನು, ಇಷ್ಟ ಅದರ ಮಾತು.
ಸವರಬ್ಯಾಡ್ರಿ.
ಒಂದು ಕೈ ತಲಿಗೆ, ಒಂದು ಕೈ ಪಾದಕ್ಕ.
ಇಟ್ಟು ಸುಮ್ನಿರ್ರಿ."

ಸುಮ್ನಿರೋದು!
ಭಟ್ಟಿಯಲ್ಲಿ ಕೈ ನಿಂತರೆ ಅಕ್ಕಿ ಸೀಯುತ್ತದೆ.
ಕಾದ ಮರಳಿನಲ್ಲಿ ಕೋಲು ಆಡುತ್ತಲೇ ಇರಬೇಕು;
ಹದಿನಾಲ್ಕರ ವಯಸ್ಸಿಗೆ ಕಲಿತದ್ದು, ಬೇರೇನೂ ಕಲಿಯಲಿಲ್ಲ.
ನಿದ್ದೆಯಲ್ಲೂ ತಿರುವುತ್ತೀರಿ ಎಂದು ಶಂಶಾದ್ ದೂರುತ್ತಾಳೆ.
ಅವಳಿನ್ನೂ ಕೆಳಗಿನ ವಾರ್ಡಿನಲ್ಲಿದ್ದಾಳೆ, ಹೊಲಿಗೆ ಮಾಗಿಲ್ಲ.
ಫೋನಿನಲ್ಲಿ ಹೆಸರು ಏನಿಡೋಣ ಅನ್ನುವುದಿಲ್ಲ,
ನಂಬರ್ ಎಷ್ಟು ಅನ್ನುತ್ತಾಳೆ.

ಇವತ್ತು ಒಂಬತ್ತನೆಯ ರಾತ್ರಿ.
ಕೈ ಇಟ್ಟೆ.
ತಲೆ ಪೂರ್ತಿ ಹಿಡಿಸಿಯೂ ಅಂಗೈಯಲ್ಲಿ ಜಾಗ ಉಳಿಯಿತು.
ನೂರ ಎಪ್ಪತ್ತೆರಡು.
ಬೆರಳು ಅರಳಿದವು: ನಿಲ್ಲು.
ನಿಂತಿದ್ದೀನಪ್ಪಾ.
ಹೆಬ್ಬೆರಳು ಒಂದು ಸಲ ಸವರಲು ಎದ್ದಿತು,
ಹಲ್ಲು ಕಚ್ಚಿ ಮಲಗಿಸಿದೆ.
ಬೆನ್ನಲ್ಲಿ ಬೆವರು, ಮೂಗಿನ ತುದಿಯಲ್ಲಿ ತುರಿಕೆ,
ಜೀವಮಾನದಲ್ಲಿ ಇಷ್ಟು ದುಡಿದಿರಲಿಲ್ಲ ನಾನು.
ನೂರ ಅರವತ್ತು.
ಒಂದೊಂದೇ ಬೆರಳು ಮಡಿಸಿಕೊಂಡು
ಮುಷ್ಟಿಯನ್ನು ಗಲ್ಲದ ಹತ್ತಿರ ತಂದಿಟ್ಟುಕೊಂಡಿತು.
ನೂರ ನಲವತ್ತೊಂಬತ್ತು. ಅಲ್ಲೇ ನಿಂತಿತು.

ನಾಲ್ಕು ಗಂಟೆಯಿರಬೇಕು,
ಭಾಷಾ ನಗರದ ಕಡೆ ಭಟ್ಟಿಗಳು ಹತ್ತಿಕೊಳ್ಳುವ ಹೊತ್ತು.
ಜೇಬಿನಲ್ಲಿ ಫೋನು ನಡುಗುತ್ತಿದೆ, ಮಾಲೀಕರದೇ.
ತೆಗೆಯೋಣವೆಂದರೆ
ಕೈ ಖಾಲಿ ಇಲ್ಲ.